ಮೂರನೆಯ ರಿಂಗು

ನಮ್ಮ ಮನೆಯಲ್ಲಿ ಫೋನು ಮಾತಾಡುವುದಕ್ಕಿಂತ ಹೆಚ್ಚಾಗಿ ಒಂದು ಸಲ ಬಡಿದು ಸುಮ್ಮನಾಗುವುದಕ್ಕೇ ಇದೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದಕ್ಕೆ ಹೋಗತೊಡಗಿದಾಗ ಶುರುವಾದ ರೂಢಿ ಅದು. ತಲುಪಿದ ಕೂಡಲೇ ಒಂದು ರಿಂಗು ಕೊಟ್ಟು ಕಟ್ ಮಾಡುತ್ತಿದ್ದರು. ಆ ಒಂದು ರಿಂಗು ಬಂದರೆ ನಾನು ನಿರಾಳವಾಗಿ ರೊಟ್ಟಿ ಬಡಿಯುತ್ತಿದ್ದೆ, ಬರದಿದ್ದರೆ ರೊಟ್ಟಿ ಹೊತ್ತುತ್ತಿತ್ತು. ವಿಜಯಪುರದ ಕಡೆಯಿಂದ ಈ ಮುಂಬಯಿಗೆ ಬಂದವಳಿಗೆ ಲೋಕಲ್ ಗಾಡಿಯೆಂದರೆ ಆಗಲೂ ಭಯ, ಇಪ್ಪತ್ತೆರಡು ವರ್ಷದ ನಂತರ ಈಗಲೂ ಭಯ.

ಮಗಳು ಇಂಜಿನಿಯರಿಂಗ್ ಸೇರಿದಾಗ ಒಂದು ರಿಂಗು ಮೂರಾಯಿತು. ನಾವಿರುವುದು ಭಾಂಡುಪ್‌ನಲ್ಲಿ, ಅವಳ ಕಾಲೇಜು ಗೋರೆಗಾಂವ್‌ನಲ್ಲಿ. ಭಾಂಡುಪ್‌ನಲ್ಲಿ ಗಾಡಿಯ ಲೇಡೀಸ್ ಡಬ್ಬಿ ಹತ್ತಿದ ಮೇಲೆ ಮೊದಲನೆಯ ರಿಂಗು. ದಾದರ್‌ನಲ್ಲಿ ಇಳಿದು, ಬ್ರಿಜ್ಜು ದಾಟಿ, ವೆಸ್ಟರ್ನ್ ಲೈನಿನ ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಎರಡನೆಯದು. ಕಾಲೇಜಿನ ಗೇಟಿನಲ್ಲಿ ಮೂರನೆಯದು. ಈಗಿನ ತಾಯಂದಿರು ಮಕ್ಕಳು ಎಲ್ಲಿದ್ದಾರೆಂದು ಫೋನಿನ ನಕಾಶೆಯಲ್ಲೇ ನೋಡುತ್ತಾರಂತೆ. ಅದಕ್ಕೆ ನನ್ನ ಮಗಳು ಒಪ್ಪಲಿಲ್ಲ, ನಾನೇನು ಕಳ್ಳಿಯೇ ಎಂದಳು. ಮೂರು ರಿಂಗಿಗೆ ಒಪ್ಪಿದಳು.

ಎಂಟು ನಲವತ್ತರ ಸುಮಾರಿಗೆ ಮೂರನೆಯದು ಬರುವಾಗ ನಾನು ನನ್ನ ಕೆಲಸದ ಜಾಗದಲ್ಲಿ ಕುರ್ಚಿ ಒರೆಸುತ್ತಿರುತ್ತಿದ್ದೆ. ರಿಂಗು ಕೇಳಿದ ಮೇಲೆ ಫೋನನ್ನು ಡ್ರಾವರಿನಲ್ಲಿ ಹಾಕಿ, ದಿನದ ಮಟ್ಟಿಗೆ ಮಗಳನ್ನು ಮರೆಯುತ್ತಿದ್ದೆ. ಹೌದು, ಮರೆಯುತ್ತಿದ್ದೆ. ಮೂರು ರಿಂಗು ಬಂದರೆ ತಾಯಿಯ ಕೆಲಸ ಮುಗಿಯಿತು ಎಂದು ತಿಳಿದಿದ್ದೆ.

ನನ್ನ ಕೆಲಸವೇನೆಂದರೆ, ಮುನ್ಸಿಪಾಲ್ಟಿಯ ಒಂದು ಸಣ್ಣ ದವಾಖಾನೆಯಲ್ಲಿ ಕೇಸ್ ಪೇಪರ್ ಬರೆಯುವುದು. ಬಂದವರು ಮೊದಲು ನನ್ನ ಕಿಟಕಿಗೆ ಬರಬೇಕು. ಹೆಸರು, ವಯಸ್ಸು, ವಿಳಾಸ, ಏನು ತ್ರಾಸು. ಬರೆದುಕೊಟ್ಟ ಕಾಗದ ಹಿಡಿದು ಅವರು ಡಾಕ್ಟರರ ಹತ್ತಿರ ಹೋಗುತ್ತಾರೆ. ಮತ್ತೊಮ್ಮೆ ಬರುವಾಗ ಅದೇ ಕಾಗದ ತಂದು ನನ್ನ ಮುಂದೆ ಚಾಚುತ್ತಾರೆ, ನಾನು ತಾರೀಖು ಹಾಕಿ ಕೊಡುತ್ತೇನೆ. ತಾರೀಖು ಹಾಕಲು ಕಾಗದ ಓದಬೇಕಾಗಿಲ್ಲ. ನಾನು ಓದುತ್ತಿದ್ದೆ. ಡಾಕ್ಟರರ ಕೋಳಿ ಕೆದರಿದಂಥ ಅಕ್ಷರ ಓದುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ದವಾಖಾನೆಯಲ್ಲಿ ಯಾರೂ ಇರಲಿಲ್ಲ. ಯಾರಿಗೆ ಸಕ್ಕರೆ, ಯಾರಿಗೆ ಟಿಬಿ, ಯಾರ ಸೊಸೆಗೆ ಇನ್ನೂ ದಿನ ನಿಂತಿಲ್ಲ, ಎಲ್ಲ ನನಗೆ ಗೊತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ಮಾತ್ರ ನನಗೆ ದೇವರು ಕೊಡಲಿಲ್ಲ. ಸಂಜೆ ಊಟಕ್ಕೆ ಕೂತಾಗ ಒಂದೊಂದಾಗಿ ಹೇಳುತ್ತಿದ್ದೆ. ನಮ್ಮ ಮನೆಯವರು ಟಿವಿ ನೋಡುತ್ತ ಹೂಂಗುಟ್ಟುತ್ತಿದ್ದರು, ಮಗಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಒಂದು ದಿನ ನಮ್ಮ ಬಿಲ್ಡಿಂಗಿನದೇ ಒಬ್ಬ ಹುಡುಗ ತನ್ನ ತಾಯಿಯೊಂದಿಗೆ ಕಿಟಕಿಗೆ ಬಂದ. ನಮ್ಮ ಕೆಳಗಿನ ಮಹಡಿಯವರು, ಹುಡುಗ ಓದಿನಲ್ಲಿ ಜಾಣ. ನಿದ್ದೆ ಬರುವುದಿಲ್ಲ ಎಂದು ತ್ರಾಸು ಬರೆಸಿದರು. ಎರಡನೆಯ ಸಲ ಬಂದಾಗ ಕಾಗದದ ಮೇಲೆ ದೊಡ್ಡ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ತೋರಿಸಿ ಎಂದು ಬರೆದಿತ್ತು. ಆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಓದಿದೆನೋ ಇಲ್ಲವೋ ಎಂದು. ಓದದವಳಂತೆ ಮುಖ ಮಾಡಿ ತಾರೀಖು ಹಾಕಿ ಕೊಟ್ಟೆ. ಸಂಜೆ ಊಟಕ್ಕೆ ಕೂತಾಗ, ಕೆಳಗಿನವರ ಹುಡುಗನ ಸ್ಕ್ರೂ ಸಡಿಲಾಗೇತಂತ ಎಂದು ಹೇಳಿ ನಕ್ಕೆ. ಮಾರನೆಯ ದಿನ ನೀರು ತುಂಬುವಾಗ ಇನ್ನೊಬ್ಬಳಿಗೆ ಹೇಳಿದೆ, ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಆರು ತಿಂಗಳಲ್ಲಿ ಆ ಮನೆಯವರು ಫ್ಲ್ಯಾಟು ಬಿಟ್ಟು ಡೊಂಬಿವಲಿ ಕಡೆ ಎಲ್ಲೋ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ಅವ್ವ ಸಾವಿರ ಸಲ ಹೇಳಿದ್ದಳು. ನನ್ನ ಮಾತಿನಿಂದಲೇ ಅವರು ಹೋದರೋ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಮಗಳು ಎರಡನೆಯ ವರ್ಷಕ್ಕೆ ಬಂದಾಗ ಅವಳಲ್ಲಿ ಏನೋ ಬದಲಾಯಿತು. ಬಚ್ಚಲಿನ ಜಾಳಿಗೆಯಲ್ಲಿ ಕೂದಲು ಮುದ್ದೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಸೋಮವಾರ ಬಂತೆಂದರೆ ಹೊಟ್ಟೆನೋವು. ಎದೆ ಬಡಿದುಕೊಳ್ಳುತ್ತದೆ ಎಂದು ಒಮ್ಮೆ ಹೇಳಿದಳು, ಅಂಗೈ ಮುಟ್ಟಿದರೆ ತಣ್ಣಗೆ, ಒದ್ದೆ. ಹೊರಗಿನದು ತಿಂದು ಗ್ಯಾಸ್ ಆಗಿದೆ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ನಾನು ಓಮಿನಕಾಳಿನ ನೀರು ಕುಡಿಸಿದೆ, ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದೆ, ದವಾಖಾನೆಯ ಕಂಪೌಂಡರನಿಂದ ಶಕ್ತಿಯ ಗುಳಿಗೆ ಈಸಿಕೊಂಡು ಬಂದೆ. ಇಷ್ಟು ಮಾಡಿದವಳು ಅವಳ ಎದುರು ಕೂತು ಏನಾಗಿದೆ ಎಂದು ಮಾತ್ರ ಕೇಳಲಿಲ್ಲ. ದಿನಕ್ಕೆ ಎಂಬತ್ತು ಜನರಿಗೆ ಏನು ತ್ರಾಸು ಎಂದು ಕೇಳುವ ಬಾಯಿ ನನ್ನದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವ ಜಾತಿ.

ಯಾಕೆ ಕೇಳಲಿಲ್ಲವೆಂದರೆ, ಮೂರು ರಿಂಗು ಸರಿಯಾಗಿ ಬರುತ್ತಿದ್ದವು. ಒಂದು ನಿಮಿಷ ಆಚೀಚೆ ಇಲ್ಲ.

ಅಕ್ಟೋಬರಿನ ಸೆಕೆಯಲ್ಲಿ ಒಂದು ಮಧ್ಯಾಹ್ನ ನಮ್ಮ ನರ್ಸಬಾಯಿ ಕಿಟಕಿಯ ಹತ್ತಿರ ಬಂದು, ನಿನ್ನ ಮಗಳಿಗೆ ಇವತ್ತು ರಜೆಯೇ ಎಂದು ಕೇಳಿದಳು. ತಾನು ತಡವಾಗಿ ಬರುವಾಗ ಹತ್ತೂವರೆಗೆ ದಾದರ್‌ನಲ್ಲಿ, ಭಾಂಡುಪ್ ಗಾಡಿ ನಿಲ್ಲುವ ಸೆಂಟ್ರಲ್ ಕಡೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನನ್ನ ಮಗಳು ಒಬ್ಬಳೇ ಕೂತಿದ್ದನ್ನು ನೋಡಿದಳಂತೆ. ಹೋದ ವಾರವೂ ಅಲ್ಲೇ ನೋಡಿದ್ದಳಂತೆ. ನನಗೆ ಸಿಟ್ಟು ಬಂತು. ನನ್ನ ಮಗಳು ಎಂಟು ನಲವತ್ತಕ್ಕೆ ಕಾಲೇಜು ಮುಟ್ಟಿದ್ದಾಳೆ, ರಿಂಗು ಬಂದಿದೆ, ಮೊದಲು ಕನ್ನಡಕ ಬದಲಿಸಿಕೋ ಎಂದೆ. ಅವಳು ಹೋದ ಮೇಲೆ ತಾರೀಖು ಹಾಕುತ್ತ ಅದನ್ನೇ ಯೋಚಿಸತೊಡಗಿದೆ. ಯಾರಾದರೂ ಹುಡುಗನೇ? ಕೆಟ್ಟ ಸಹವಾಸವೇ? ನನ್ನ ಬುದ್ಧಿ ಹೋಗುವುದು ಅಷ್ಟು ದೂರವೇ.

ಮಾರನೆಯ ದಿನ ರಜೆ ಹಾಕಿ ಅವಳಿಗಿಂತ ಮೊದಲೇ ದಾದರ್‌ಗೆ ಹೋದೆ. ಚಹಾದ ಸ್ಟಾಲಿನ ಹಿಂದೆ ಸೆರಗು ತಲೆಗೆ ಹಾಕಿಕೊಂಡು ನಿಂತೆ, ಸಿಐಡಿ ಹೆಂಗಸಿನ ಹಾಗೆ. ಅವಳು ಬಂದಳು. ಗಾಡಿಯಿಂದ ಇಳಿದು, ಬ್ರಿಜ್ಜಿನ ಮೆಟ್ಟಿಲ ತನಕ ಹೋಗಿ, ನಾಲ್ಕು ಮೆಟ್ಟಿಲು ಹತ್ತಿ, ಕಟಾಂಜನ ಹಿಡಿದು ನಿಂತಳು. ಜನ ಅವಳನ್ನು ಎರಡೂ ಕಡೆಯಿಂದ ಉಜ್ಜಿಕೊಂಡು ಹೋಗುತ್ತಿದ್ದರು. ಆಮೇಲೆ ಹಿಂದಕ್ಕೆ ಇಳಿದು ಬಂದು ಬೆಂಚಿನ ಮೇಲೆ ಕೂತಳು. ಬ್ಯಾಗನ್ನು ಎದೆಗೆ ಅವಚಿಕೊಂಡಳು. ಯಾರ ದಾರಿಯನ್ನೂ ನೋಡಲಿಲ್ಲ. ಯಾರೂ ಬರಲಿಲ್ಲ. ಯಾರಾದರೂ ಬಂದಿದ್ದರೆ ಸಾಕಿತ್ತು ಎಂದು ನನಗೆ ಆ ಕ್ಷಣ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಫೋನು ತೆಗೆದು ಒತ್ತಿ ಇಟ್ಟಳು. ಅದು ಬ್ರಿಜ್ಜು ದಾಟಿದೆ ಎನ್ನುವ ರಿಂಗು. ಎಂಟು ನಲವತ್ತಕ್ಕೆ ಗಡಿಯಾರದ ಕಡೆ ನೋಡಿ ಮತ್ತೆ ಫೋನು ತೆಗೆದಳು. ಇಪ್ಪತ್ತು ಹೆಜ್ಜೆ ಈಚೆ ನನ್ನ ಚೀಲದೊಳಗೆ ಫೋನು ಒಮ್ಮೆ ಬಡಿದು ನಿಂತಿತು. ಕಾಲೇಜು ಮುಟ್ಟಿದೆ, ಚಿಂತೆ ಮಾಡಬೇಡ ಎನ್ನುವ ರಿಂಗು ಅದು. ಎಷ್ಟು ದಿನದಿಂದ ಈ ಬೆಂಚು ನನಗೆ ಕಾಲೇಜಿನ ಗೇಟಾಗಿತ್ತು?

ಹೋಗಿ ಪಕ್ಕದಲ್ಲಿ ಕೂತೆ. ಅವಳು ಬೆಚ್ಚಲಿಲ್ಲ. ಬೈಯುತ್ತಾಳೆ, ಬೈದು ಮುಗಿಸಲಿ ಎನ್ನುವಂತೆ ನೋಡಿದಳು. ಎಷ್ಟು ದಿನವಾಯಿತು ಎಂದು ಕೇಳಿದೆ. ಎರಡು ತಿಂಗಳು ಎಂದಳು. ಅವಳ ಕನ್ನಡ ಅರ್ಧ ನಮ್ಮದು, ಅರ್ಧ ಈ ಊರಿನದು. ಅವತ್ತು ಅದೂ ತುಂಡು ತುಂಡಾಗಿ ಬಂತು.

"ಬ್ರಿಜ್ ಮ್ಯಾಲ ಹೋದ್ರ ಉಸಿರs ಬರೂದಿಲ್ಲ ಮಮ್ಮಿ. ಲಗ್ತಾ ಹೈ ಅಲ್ಲೇ ಸಾಯ್ತೀನಿ ಅಂತ. ಕ್ಲಾಸಿನಾಗೂ ಹಂಗs ಆಗ್ತದ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎರಡು ಗಾಡಿ ಬಂದು ಹೋದವು.

"ಕೆಳಗಿನವರ ಹುಡುಗನ ಪೇಪರ್ ಓದಿ ನಕ್ಕಿದ್ದೆಲ್ಲ ನೀನು."

ಇಷ್ಟು ಹೇಳಿ, ಇನ್ನೊಂದು ಮಾತನ್ನೂ ಹೇಳಿದಳು. ಕೆಲವು ದಿನ ಇಲ್ಲಿ ಕೂತಾಗ, ಎಲ್ಲ ಮುಗಿದು ಹೋದರೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದಳು. ಅದನ್ನು ಅಳುತ್ತ ಹೇಳಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಹಸಿವಿಲ್ಲ ಎಂದು ಹೇಳುವವಳ ಹಾಗೆ ಹೇಳಿದಳು. ಎದುರಿಗೆ ಗಾಡಿ ನುಗ್ಗಿ ಬರುತ್ತಿತ್ತು. ನಾನು ಅವಳ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಮನೆಗೆ ಬಂದ ಮೇಲೂ ಬಳೆಯ ಗುರುತು ಉಳಿದಿತ್ತು. ನನ್ನ ಜೀವಮಾನದಲ್ಲಿ ಅಂಥ ಹೆದರಿಕೆ ಆಗಿರಲಿಲ್ಲ. ಅದು ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ದವಾಖಾನೆಯ ಡಾಕ್ಟರ್‌ಬಾಯಿಗೆ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವರು ನನ್ನನ್ನು ಕೂರಿಸಿ, ಇದೂ ಒಂದು ಕಾಯಿಲೆ, ಇದಕ್ಕೆ ಔಷಧವಿದೆ, ಗುಣವಾಗುತ್ತದೆ ಎಂದರು. ಸದ್ಯ ಹುಡುಗಿಯನ್ನು ಒಬ್ಬಳೇ ಬಿಡಬೇಡ, ಸಾಯುವ ಮಾತು ಬಂದರೆ ಬಾಯಿ ಮುಚ್ಚಿಸಬೇಡ, ಕೇಳು ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಗುರುವಾರ ಬೆಳಿಗ್ಗೆ ಮಾನಸಿಕ ವಿಭಾಗದ ಓಪಿಡಿ ಇರುತ್ತದೆ, ಅಲ್ಲಿಗೆ ಕರೆದುಕೊಂಡು ಹೋಗು ಎಂದು ಒಂದು ಚೀಟಿ ಬರೆದುಕೊಟ್ಟರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡೆ. ಅವರು ಅದನ್ನು ನೋಡಿದರು.

ಗುರುವಾರ ಬಂತು. ಮಗಳು ಬರುತ್ತಾಳೋ ಇಲ್ಲವೋ ಎಂದು ಹೆದರಿದ್ದೆ, ನನಗಿಂತ ಮೊದಲೇ ತಯಾರಾಗಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಎರಡು ವೇಣಿ ಹಾಕಿಕೊಂಡಿದ್ದಳು, ಸ್ಕೂಲಿನ ಹುಡುಗಿಯ ಹಾಗೆ. ಗುಣವಾಗಬೇಕೆಂಬ ಆಸೆ ಅವಳಿಗಿತ್ತು. ಅದು ಆಗ ನನಗೆ ಕಾಣಲಿಲ್ಲ. ನನಗೆ ಕಂಡದ್ದು ಆಸ್ಪತ್ರೆಯ ಕೇಸ್ ಪೇಪರಿನ ಕಿಟಕಿ, ಆ ಕಿಟಕಿಯ ಹಿಂದೆ ಕೂತ ನನ್ನಂಥದೇ ಒಬ್ಬ ಹೆಂಗಸು.

ಮಗಳನ್ನು ಮೇಲೆ ಓಪಿಡಿಯ ಹಾಲಿನಲ್ಲಿ ಕೂರಿಸಿ ನಾನು ಕೆಳಗೆ ಬಂದು ಸಾಲಿನಲ್ಲಿ ನಿಂತೆ. ಮುಂದೆ ಹೋದ ಹಾಗೆಲ್ಲ ಕಿಟಕಿಯ ಆ ಹೆಂಗಸಿನ ಕೈಯನ್ನೇ ನೋಡುತ್ತಿದ್ದೆ. ಇವಳು ಓದುತ್ತಾಳೆ. ಸಂಜೆ ಊಟಕ್ಕೆ ಕೂತಾಗ ಹೇಳುತ್ತಾಳೆ. ಅವಳ ಬಿಲ್ಡಿಂಗಿನಲ್ಲಿ ನಮ್ಮ ಕಡೆಯವರು ಇರಬಹುದು. ನಾಳೆ ಇದು ನಮ್ಮ ಕನ್ನಡ ಸಂಘದ ಅರಿಶಿನ ಕುಂಕುಮದ ದಿನ ಬಾಯಿಂದ ಬಾಯಿಗೆ ಹೋಗುತ್ತದೆ, ನಾಳಿದ್ದು ನನ್ನ ಮಗಳನ್ನು ನೋಡಲು ಬರುವವರ ಕಿವಿಗೆ. ಲೋಕದ ಕ್ಲಾರ್ಕುಗಳೆಲ್ಲ ಹೀಗೇ ಎಂದು ನನಗೆ ಖಾತ್ರಿಯಿತ್ತು, ಯಾಕೆಂದರೆ ನಾನು ಹಾಗಿದ್ದೆ. ಕಿಟಕಿ ಬಂತು. ಹೆಸರು ಕೇಳಿದಳು. ಡಾಕ್ಟರ್‌ಬಾಯಿಯ ಚೀಟಿಯನ್ನು ಕುಪ್ಪಸದಲ್ಲೇ ಬಿಟ್ಟು, ಬಾಯಿಗೆ ಬಂದ ಒಂದು ಬೇರೆ ಹೆಸರು ಹೇಳಿದೆ, ಬೇರೆ ಮನೆತನದ ಅಡ್ಡಹೆಸರು, ಹತ್ತೊಂಬತ್ತರ ಬದಲು ಇಪ್ಪತ್ತೆರಡು ವಯಸ್ಸು, ವಿಳಾಸ ಮುಲುಂಡ್. ಅವಳು ತಲೆಯೆತ್ತಿ ಕೂಡ ನೋಡದೆ ಬರೆದು ಕೊಟ್ಟಳು. ಗೆದ್ದವಳ ಹಾಗೆ ಮೆಟ್ಟಿಲು ಹತ್ತಿದೆ.

ಹಾಲಿನಲ್ಲಿ ಜಾಗವಿರಲಿಲ್ಲ, ಮಗಳ ಪಕ್ಕದಲ್ಲಿ ಒತ್ತಿಕೊಂಡು ಕೂತೆ. ನಾನು ಏನು ತಿಳಿದಿದ್ದೆನೋ, ಅಲ್ಲಿದ್ದವರು ನಮ್ಮಂಥವರೇ. ಕಾಲೇಜು ಬ್ಯಾಗು ಹಾಕಿಕೊಂಡ ಹುಡುಗರೇ ಎಷ್ಟೋ ಜನ, ಕೆಲವರು ಒಬ್ಬೊಬ್ಬರೇ ಬಂದಿದ್ದರು. ಪೇಪರನ್ನು ಒಳಗೆ ಕೊಟ್ಟು ಕಾದೆವು. ಒಂದು ತಾಸಿನ ನಂತರ ಬಾಗಿಲಲ್ಲಿ ನಿಂತ ಆಯಾಬಾಯಿ ಒಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಯಾರದೋ ಎಂದು ನಾನೂ ಸುತ್ತ ನೋಡಿದೆ. ಮೂರನೆಯ ಸಲ, ಮುಲುಂಡ್‌ನಿಂದ ಬಂದವರು ಯಾರು ಎಂದು ಕೇಳಿದಾಗ ಅದು ನಾನೇ ಬರೆಸಿದ ಹೆಸರೆಂದು ನೆನಪಾಯಿತು. ಎದ್ದು ಓಡಿ ಪೇಪರು ಈಸಿಕೊಂಡು, ಬಾ ಬಾ ಎಂದು ಮಗಳ ತೋಳು ಹಿಡಿದೆ.

ಅವಳು ಏಳಲಿಲ್ಲ. ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಓದುವುದನ್ನು ಅವಳು ನನ್ನಿಂದಲೇ ಕಲಿತದ್ದು.

"ಇಕಿ ಯಾರು ಮಮ್ಮಿ?"

ನಿನ್ನ ಒಳ್ಳೆಯದಕ್ಕೇ ಮಾಡಿದ್ದು, ನಾಳೆ ನೌಕರಿಗೆ, ಮದುವೆಗೆ ತೊಂದರೆಯಾಗಬಾರದು ಎಂದು ಏನೇನೋ ಪಿಸುಗುಟ್ಟಿದೆ. ಅವಳು ಪೇಪರನ್ನು ಮಡಿಚಿ ನನ್ನ ಕೈಯಲ್ಲಿಟ್ಟಳು.

"ಹಂಗಾದ್ರ ಇಕೀಗೆ ಆರಾಮ್ ಮಾಡಿಸ್ಕೊಂಡು ಬಾ. ನಾ ಹೊಂಟೆ."

ಎದ್ದು ನಡೆದೇಬಿಟ್ಟಳು. ನಾನು ಚೀಲ, ಪೇಪರು, ನೀರಿನ ಬಾಟಲಿ ಎತ್ತಿಕೊಂಡು ಹಿಂದೆ ಓಡುವಷ್ಟರಲ್ಲಿ ಮೆಟ್ಟಿಲ ಮೇಲೆ ಜನವೋ ಜನ. ಎರಡು ವೇಣಿ ಒಂದು ಸಲ ತಿರುವಿನಲ್ಲಿ ಕಂಡವು, ಮತ್ತೆ ಕಾಣಲಿಲ್ಲ. ಗೇಟಿಗೆ ಬಂದೆ, ಬಸ್ ಸ್ಟಾಪಿಗೆ ಬಂದೆ. ಫೋನು ಮಾಡಿದರೆ ಸ್ವಿಚ್ ಆಫ್. ಒಬ್ಬಳೇ ಬಿಡಬೇಡ ಎಂದು ಡಾಕ್ಟರ್‌ಬಾಯಿ ಹೇಳಿದ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಮನೆಯವರಿಗೆ ಫೋನು ಮಾಡಿ, ಅದುವರೆಗೆ ಅರ್ಧ ಮಾತ್ರ ಹೇಳಿದ್ದನ್ನು ಬೀದಿಯಲ್ಲಿ ನಿಂತು ಪೂರ್ತಿ ಹೇಳಿದೆ. ಅವರು, ಕಾಲೇಜಿನ ಕಡೆ ನಾನು ನೋಡುತ್ತೇನೆ, ಹೊರಟೆ ಎಂದರು.

ದಾದರ್‌ಗೆ ಹೋದೆ. ಅವಳ ಬೆಂಚಿನ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಎರಡು ವೇಣಿಯ ಹುಡುಗಿ ಬಂದಿದ್ದಳೇ ಎಂದು ಕೇಳಿದೆ, ದಿನಕ್ಕೆ ಸಾವಿರ ಹುಡುಗಿಯರು ಬರುತ್ತಾರೆ ಎಂದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರತಿ ಬೆಂಚು ನೋಡಿದೆ. ಬ್ರಿಜ್ಜು ಹತ್ತಿ ಇಳಿದೆ, ಮತ್ತೆ ಹತ್ತಿದೆ. ಗಾಡಿ ಬರುವ ಸೂಚನೆ ಕೇಳಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಗಾಡಿ ಎಂದಿನಂತೆ ನಿಂತು ಎಂದಿನಂತೆ ಹೋದದ್ದು ಕೇಳಿಸಿದ ಮೇಲೆ ತೆರೆಯುತ್ತಿದ್ದೆ. ಎಷ್ಟು ಗಾಡಿ ಬಂದವೋ. ಹರಕೆ ಹೊರಲು ದೇವರ ಹೆಸರೂ ನೆನಪಾಗಲಿಲ್ಲ. ನಾನು ಆಸ್ಪತ್ರೆಯಲ್ಲಿ ಬರೆಸಿದ ಆ ಸುಳ್ಳು ಹೆಸರು ಮಾತ್ರ ಬಾಯಿಗೆ ಬರುತ್ತಿತ್ತು. ನನ್ನ ಮಗಳಿಗೆ ಏನಾದರೂ ಆದರೆ ಆ ಪೇಪರಿನಲ್ಲಿ ಅವಳು ಇರುವುದೇ ಇಲ್ಲವಲ್ಲ, ನಾನೇ ಅಳಿಸಿಹಾಕಿದೆನಲ್ಲ ಎಂದು ಕಂಬಕ್ಕೆ ಒರಗಿ ನಿಂತೆ. ಅಲ್ಲೇ ನೆಲದ ಮೇಲೆ ಕೂತೆ.

ಆಗ ಫೋನು ಬಡಿಯಿತು. ಒಂದೇ ರಿಂಗು. ಕಟ್ ಆಯಿತು. ಮಗಳ ನಂಬರು.

ಒಂದು ರಿಂಗು ಅಂದರೆ ಗಾಡಿ ಹತ್ತಿದೆ. ಎಲ್ಲಿಂದ ಹತ್ತಿದಳು, ಎಲ್ಲಿಗೆ ಹೊರಟಳು? ತಿರುಗಿ ಮಾಡಿದರೆ ಎತ್ತಲಿಲ್ಲ. ಸಿಕ್ಕ ಗಾಡಿ ಹತ್ತಿ ಭಾಂಡುಪ್‌ಗೆ ಬಂದೆ. ದಾರಿಯುದ್ದಕ್ಕೂ ಪ್ರತಿ ಸ್ಟೇಷನ್ನಿನಲ್ಲಿ ಬಾಗಿಲಿನಿಂದ ಇಣುಕಿ ಪ್ಲಾಟ್‌ಫಾರ್ಮು ನೋಡುತ್ತಿದ್ದೆ, ಹೆಂಗಸರು ಬೈಯುತ್ತಿದ್ದರು. ಬಿಲ್ಡಿಂಗಿನ ಮೆಟ್ಟಿಲು ಹತ್ತಿದಾಗ ನಮ್ಮ ಬಾಗಿಲ ಮುಂದೆ, ಕೀಲಿಯಿಲ್ಲದೆ, ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದಳು.

"ರಿಂಗ್ ಕೊಟ್ಟಿದ್ನೆಲ್ಲ," ಎಂದಳು ತಲೆಯೆತ್ತದೆ.

ನನ್ನ ಮೇಲೆ ಅಷ್ಟು ಸಿಟ್ಟಿದ್ದಾಗಲೂ ಕೊಟ್ಟಿದ್ದಳು. ನಾನು ಅಲ್ಲೇ ಮೆಟ್ಟಿಲ ಮೇಲೆ, ಬಿಲ್ಡಿಂಗಿನ ನಾಲ್ಕು ಬಾಗಿಲುಗಳ ಎದುರು, ಗಟ್ಟಿಯಾಗಿ ಅತ್ತೆ. ಯಾರು ಕೇಳಿದರೂ ಕೇಳಲಿ ಅನ್ನಿಸಿತು. ತಪ್ಪಾಯಿತು ಎಂದೆ. ಕೆಳಗಿನವರ ಹುಡುಗನ ವಿಷಯಕ್ಕೂ ತಪ್ಪಾಯಿತು ಎಂದೆ, ಅದನ್ನು ಅವನಿಗೆ ಹೇಳಬೇಕಿತ್ತು, ಇವಳಿಗೆ ಹೇಳಿದೆ. ಅವಳು ನನ್ನ ಚೀಲದಿಂದ ಆ ಪೇಪರನ್ನು ತೆಗೆದು, ಮುಂದಿನ ಗುರುವಾರ ಬರುತ್ತೇನೆ, ಆದರೆ ಸಾಲಿನಲ್ಲಿ ನಾನೇ ನಿಲ್ಲುತ್ತೇನೆ ಎಂದಳು. ಆ ಏಳು ದಿನ ನಾನೂ ನಮ್ಮ ಮನೆಯವರೂ ಪಾಳಿ ಹಾಕಿ ರಜೆ ತೆಗೆದೆವು. ಅವಳು ಬಚ್ಚಲಿಗೆ ಹೋದರೂ ನಾನು ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದೆ.

ಮುಂದಿನ ಗುರುವಾರ ಇಬ್ಬರೂ ಸಾಲಿನಲ್ಲಿ ನಿಂತೆವು. ಅದೇ ಹೆಂಗಸು. ಮಗಳು ತನ್ನ ಹೆಸರು ಹೇಳಿದಳು, ಮೆಲ್ಲಗೆ. ಕ್ಲಾರ್ಕು ಕೇಳಿಸಲಿಲ್ಲ ಎಂದಳು. ಆಗ ನಾನು ಹೇಳಿದೆ, ಗಟ್ಟಿಯಾಗಿ, ಅಡ್ಡಹೆಸರು ಸಮೇತ, ವಯಸ್ಸು ಹತ್ತೊಂಬತ್ತು, ಭಾಂಡುಪ್, ನಾನು ಅವಳ ತಾಯಿ. ಆ ಹೆಂಗಸು ಬರೆದು, ಕಾಗದವನ್ನು ಮಗುಚಿ ಹಾಕಿ ನಮ್ಮ ಕಡೆ ಸರಿಸಿದಳು. ಓದಿದಳೋ ಇಲ್ಲವೋ ಗೊತ್ತಿಲ್ಲ. ಮಗುಚಿ ಹಾಕಿದ್ದು ಮಾತ್ರ ನೋಡಿದೆ. ಈಗ ನನ್ನ ಕಿಟಕಿಯಲ್ಲಿ ನಾನೂ ಹಾಗೆಯೇ ಮಾಡುತ್ತೇನೆ.

ಗುಳಿಗೆ ಶುರುವಾದವು. ವಾರಕ್ಕೊಮ್ಮೆ ಮಾತಾಡಿಸುವ ಒಬ್ಬ ತರುಣಿ ಡಾಕ್ಟರ್ ಸಿಕ್ಕಳು, ಅವಳ ಎದುರು ಮಗಳು ನನ್ನೊಂದಿಗೆ ಆಡದ ಮಾತೆಲ್ಲ ಆಡುತ್ತಿದ್ದಳು. ಬಾಗಿಲ ಹೊರಗೆ ಕೂತ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ಕಾಲೇಜಿನ ಒಂದು ವರ್ಷ ಹೋಯಿತು. ಹೋಗಲಿ. ಬೇಸಿಗೆ ಕಳೆದು ಹೊಸ ಟರ್ಮ್ ಬಂದಾಗ, ಒಬ್ಬಳೇ ಹೋಗುತ್ತೇನೆ ಎಂದಳು. ಡಾಕ್ಟರರೂ ಹೋಗಲಿ ಎಂದರು. ನಾನು ಮಾತ್ರ ಬೇಡ ಎಂದು ಬಾಯಿ ತೆರೆದು ಮುಚ್ಚಿದೆ. ಹಿಂದಿನ ದಿನ ತಾನೇ ಒಂದು ಹೊಸ ನಿಯಮ ಮಾಡಿದಳು. ಸರಿಯಾಗಿ ಹೋದರೆ ಎಂದಿನಂತೆ ಒಂದು ರಿಂಗು. ಆಗದಿದ್ದರೆ ಕಟ್ ಮಾಡುವುದಿಲ್ಲ, ಬಡಿಯುತ್ತಲೇ ಇರುತ್ತದೆ, ನೀನು ಎತ್ತಬೇಕು.

ಆ ಬೆಳಿಗ್ಗೆ ಕಾಲೇಜು ಹತ್ತೂವರೆಗಿತ್ತು. ಎಂಟೂವರೆಗೆ ಮೊದಲನೆಯ ರಿಂಗು ಬಂತು. ಒಂಬತ್ತಕ್ಕೆ ಕಿಟಕಿ ತೆರೆದೆ, ಆಗಲೇ ಮೂವತ್ತು ಜನ. ಫೋನನ್ನು ಡ್ರಾವರಿನಲ್ಲಿ ಹಾಕದೆ ರಿಜಿಸ್ಟರಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಒಂಬತ್ತೂ ಹತ್ತಕ್ಕೆ ಬಡಿಯಿತು. ಒಂದು. ಕಟ್ ಆಗಲಿ ಎಂದು ಕಾದೆ. ಎರಡು. ಮೂರು. ಕೈ ಮುಂದೆ ಹೋಗಲೊಲ್ಲದು. ಎತ್ತಿದೆ.

"ಮಮ್ಮಿ, ಬ್ರಿಜ್ ನಡುವ ನಿಂತೀನಿ. ಮುಂದs ಹೋಗಾಕ ಆಗವಲ್ದು, ಹಿಂದs ಬರಾಕೂ ಆಗವಲ್ದು."

ಬರುತ್ತೇನೆ, ಅಲ್ಲೇ ಇರು ಎಂದು ಹೇಳಲು ಹೋದೆ. ದಾದರ್ ಮುಟ್ಟಲು ನನಗೆ ಮುಕ್ಕಾಲು ತಾಸು ಬೇಕು. ಎದುರಿಗೆ ಏನು ಕಾಣುತ್ತದೆ ಎಂದು ಕೇಳಿದೆ. ಕಂಬ ಎಂದಳು. ಆ ಕಂಬದ ತನಕ ಬಾ, ಅಷ್ಟೇ ಸಾಕು, ಮುಂದಿನದು ಆಮೇಲೆ ನೋಡೋಣ ಎಂದೆ. ಅವಳ ಉಸಿರು ಕೇಳಿಸುತ್ತಿತ್ತು, ಬೇರೆಯವರ ಕಾಲಿನ ಸದ್ದು ಕೇಳಿಸುತ್ತಿತ್ತು. ಸಾಲಿನ ಮೊದಲಲ್ಲಿದ್ದ ಒಬ್ಬ ಅಜ್ಜ ಕಿಟಕಿಯ ಕಟ್ಟೆಯ ಮೇಲೆ ನಾಣ್ಯ ಕುಟ್ಟಿ, ಡ್ಯೂಟಿಯ ಹೊತ್ತಿನಲ್ಲಿ ಫೋನೇ ಎಂದು ಜೋರು ಮಾಡಿದ. ಫೋನನ್ನು ಕಿವಿಯಿಂದ ತೆಗೆಯದೆಯೇ ಮರಾಠಿಯಲ್ಲಿ ಹೇಳಿದೆ, ನನ್ನ ಮಗಳಿಗೆ ಮನಸ್ಸಿನ ಕಾಯಿಲೆ ಇದೆ, ಹೆದರಿಕೆಯಾಗುತ್ತದೆ, ಈಗ ದಾದರ್‌ನ ಬ್ರಿಜ್ಜು ದಾಟುತ್ತಿದ್ದಾಳೆ, ಎರಡು ನಿಮಿಷ ತಡೆಯಿರಿ ಎಂದು. ಮೂವತ್ತು ಜನರ ಎದುರು. ಅವರಲ್ಲಿ ನಮ್ಮ ಬಿಲ್ಡಿಂಗಿನವರು ಇಬ್ಬರಿದ್ದರು. ಅಜ್ಜ ನಾಣ್ಯ ಕುಟ್ಟುವುದನ್ನು ನಿಲ್ಲಿಸಿದ.

ಕಂಬ ಬಂತು ಎಂದಳು. ಮುಂದೆ ಇನ್ನೇನಿದೆ? ಬೋರ್ಡು. ಬೋರ್ಡಿನ ತನಕ ಬಾ. ಬೋರ್ಡಾದ ಮೇಲೆ ಇನ್ನೊಂದು ಕಂಬ. ಅದಾದ ಮೇಲೆ ಮೆಟ್ಟಿಲು. ಮೆಟ್ಟಿಲುಗಳನ್ನು ಇಬ್ಬರೂ ಎಣಿಸಿದೆವು, ನಾನು ಕನ್ನಡದಲ್ಲಿ, ಅವಳು ಹಿಂದಿಯಲ್ಲಿ. ನಡುವೆ ಒಮ್ಮೆ ಅವಳ ದನಿ ನಿಂತಿತು. ಗಾಡಿಯ ಸದ್ದು ಮಾತ್ರ ಬರುತ್ತಿತ್ತು. ನನ್ನ ರಿಜಿಸ್ಟರಿನ ಮೇಲೆ ಬೆವರು ತೊಟ್ಟಿಕ್ಕಿತು. ಆ ಸದ್ದು ಎಷ್ಟು ಹೊತ್ತು ಇತ್ತೆಂದು ಕೇಳಬೇಡಿ.

"ಇಳದೀನಿ," ಎಂದಳು. "ಈಗ ಇಡ್ತೀನಿ ಮಮ್ಮಿ."

ಸಾಲಿನಲ್ಲಿದ್ದ ಒಬ್ಬ ಹೆಂಗಸು, ದಾಟಿದಳಾ ಎಂದು ಕೇಳಿದಳು. ಹೂಂ ಎಂದೆ. ಅಜ್ಜನ ಹೆಸರು ಕೇಳಿ ಬರೆದೆ, ಎರಡು ಸಲ ತಪ್ಪಾಯಿತು.

ಹತ್ತೂ ಇಪ್ಪತ್ತಕ್ಕೆ ಮೂರನೆಯ ರಿಂಗು ಬಂತು. ಒಂದೇ ಸಲ ಬಡಿದು ನಿಂತಿತು. ಕಾಲೇಜಿನ ಗೇಟಿನಿಂದ ಬಂತೋ, ಆಚೆಯ ಪ್ಲಾಟ್‌ಫಾರ್ಮಿನ ಯಾವುದೋ ಬೆಂಚಿನಿಂದ ಬಂತೋ, ನನಗೆ ಹೇಗೆ ಗೊತ್ತಾಗಬೇಕು? ಬೆರಳು ತಿರುಗಿ ಫೋನು ಮಾಡಲು ಹೋಯಿತು. ಕಾಲೇಜಿಗೆ ಫೋನು ಮಾಡಿ ವಿಚಾರಿಸಬೇಕು ಅನ್ನಿಸಿತು. ಎರಡೂ ಮಾಡಲಿಲ್ಲ. ನಂಬಿದೆ. ಫೋನನ್ನು ಡ್ರಾವರಿನಲ್ಲಿಟ್ಟು, ಮುಂದೆ ನಿಂತವರ ಹೆಸರು ಕೇಳಿದೆ.